ಉಬ್ಬಸದ ಔಷಧವೂ ರಕ್ತದ ಒತ್ತಡವೂ

ಉಬ್ಬಸವೂ ರಕ್ತದ ಒತ್ತಡವೂ ಒಂದೇ ದೇಹದಲ್ಲಿ ಮನೆಮಾಡಿಕೊಂಡಿರುವುದು ಅಪರೂಪವೇನಲ್ಲ. ವಯಸ್ಸಾದ ಗೃಹಸ್ಥರೊಬ್ಬರಿಗೆ ಈ ಎರಡೂ ಉಂಟೆಂದು ಇಟ್ಟುಕೊಳ್ಳೋಣ. ಉಬ್ಬಸಕ್ಕೆಂದು ಕೊಟ್ಟ ಔಷಧವನ್ನು ಸೇದಿದೊಡನೆ ಅವರ ಎದೆ ಡವಡವನೆ ಹೊಡೆದುಕೊಳ್ಳುತ್ತದೆ. ಕೈ ಸ್ವಲ್ಪ ನಡುಗುತ್ತದೆ. ಇದು ಒತ್ತಡವನ್ನು ಏರಿಸುವ ಮದ್ದೆಂದು ಯಾರೋ ಹೇಳುತ್ತಾರೆ. ಅವರು ಅದನ್ನು ಗೂಡಿನಲ್ಲಿಟ್ಟು ಸುಮ್ಮನಾಗುತ್ತಾರೆ. ಕೆಲವು ದಿನಗಳ ಮೇಲೆ, ನಡುರಾತ್ರಿಯಲ್ಲಿ ಎದ್ದು ಕುಳಿತು ಒಂದೊಂದು ಉಸಿರಿಗೂ ಹೋರಾಡುವ ಹೊತ್ತು ಬರುತ್ತದೆ. ಇವರ ಭಯದಲ್ಲಿ ಸತ್ಯವೆಷ್ಟು, ಭ್ರಾಂತಿಯೆಷ್ಟು ಎಂಬುದನ್ನು ನಾವು ಈಗ ವಿಚಾರಮಾಡೋಣ.

ಮೊದಲು ಸತ್ಯಾಂಶವನ್ನು ನೋಡೋಣ. ಶ್ವಾಸನಾಳದ ಕವಲುಗಳ ಸುತ್ತಲೂ, ರಕ್ತನಾಳಗಳ ಸುತ್ತಲೂ ನಮ್ಮ ಇಚ್ಛೆಗೆ ಒಳಪಡದ ಒಂದೇ ಜಾತಿಯ ಸ್ನಾಯುಗಳಿವೆ. ಶ್ವಾಸನಾಳದ ಸ್ನಾಯು ಬಿಗಿದರೆ, ಅದರ ಒಳಪದರ ಊದಿಕೊಂಡರೆ, ಉಬ್ಬಸ. ರಕ್ತನಾಳದ ಸ್ನಾಯು ಬಿಗಿದರೆ ಒತ್ತಡದ ಏರಿಕೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಎರಡು ಸಣ್ಣ ಗ್ರಂಥಿಗಳ ರಸವು ಪ್ರಾಣಿಗಳ ರಕ್ತದ ಒತ್ತಡವನ್ನು ತಟ್ಟನೆ ಏರಿಸುವುದೆಂದು ಆಲಿವರ್ ಮತ್ತು ಷೇಫರ್ ಎಂಬ ಆಂಗ್ಲ ವಿದ್ವಾಂಸರು 1894ರಲ್ಲಿ ತೋರಿಸಿಕೊಟ್ಟರು. ಜಪಾನಿನ ತಾಕಮೀನೆಯವರು ಅದರ ಸಾರವನ್ನು ಹರಳಿನ ರೂಪದಲ್ಲಿ ಪಡೆದ ವಾರ್ತೆ 1901ರಲ್ಲಿ ಪ್ರಕಟವಾಯಿತು. ಅದೇ ಅಡ್ರಿನಲಿನ್. 1903ರ ಹೊತ್ತಿಗೆ ವೈದ್ಯರು ಅದನ್ನು ಉಬ್ಬಸದ ರೋಗಿಗಳಿಗೆ ಸೂಜಿಯ ಮೂಲಕ ಕೊಟ್ಟು, ಕಟ್ಟಿದ ಉಸಿರು ಸಡಿಲವಾಗುವುದನ್ನು ಕಂಡರು. ಅಂದರೆ, ಒಂದೇ ವಸ್ತು ಉಸಿರಿನ ದಾರಿಯನ್ನು ತೆರೆಯಿತು, ರಕ್ತದ ದಾರಿಯನ್ನು ಬಿಗಿಯಿತು, ಹೃದಯವನ್ನೂ ಓಡಿಸಿತು. ಚೀಣೀಯರು ಬಹುಕಾಲದಿಂದ ಬಳಸುತ್ತಿದ್ದ ಮಾಹ್ವಾಂಗ್ ಗಿಡದ ಎಫೆಡ್ರಿನ್ 1920ರ ದಶಕದಲ್ಲಿ ಪಾಶ್ಚಾತ್ಯ ವೈದ್ಯಕ್ಕೆ ಬಂದಿತು. ನುಂಗಬಹುದಾದ ಆ ಮದ್ದಿಗೂ ಇದೇ ದೋಷವಿತ್ತು. ಗೃಹಸ್ಥರ ಭಯಕ್ಕೆ ಮೂಲವಿರುವುದು ಇಲ್ಲಿಯೇ.

ಆದರೆ ವಿದ್ಯೆ ಅಲ್ಲಿಗೇ ನಿಲ್ಲಲಿಲ್ಲ. ಅಡ್ರಿನಲಿನ್ ಒಂದು ಬೀಗದ ಕೈಯಾದರೆ, ದೇಹದಲ್ಲಿ ಅದು ತೆರೆಯತಕ್ಕ ಬೀಗಗಳು ಒಂದೇ ಬಗೆಯವಲ್ಲವೆಂದು ಅಮೆರಿಕದ ಆಲ್‌ಕ್ವಿಸ್ಟ್ 1948ರಲ್ಲಿ ಪ್ರತಿಪಾದಿಸಿದರು. ರಕ್ತನಾಳವನ್ನು ಬಿಗಿಯುವ ಬೀಗಕ್ಕೆ ಆಲ್ಫಾ ಎಂದೂ, ಹೃದಯವನ್ನು ಓಡಿಸುವ ಮತ್ತು ಶ್ವಾಸನಾಳವನ್ನು ಸಡಿಲಿಸುವ ಬೀಗಕ್ಕೆ ಬೀಟಾ ಎಂದೂ ಹೆಸರಾಯಿತು. ಬೀಟಾದಲ್ಲಿಯೂ ಹೃದಯದ್ದು ಹೆಚ್ಚಾಗಿ ಒಂದನೆಯದು, ಶ್ವಾಸನಾಳದ್ದು ಎರಡನೆಯದು ಎಂಬುದು 1967ರಲ್ಲಿ ತಿಳಿಯಿತು. ಈ ಎರಡನೆಯ ಬೀಗಕ್ಕೆ ಹೊಂದುವಂತೆ ರಚಿಸಿದ ಸಾಲ್‌ಬ್ಯುಟಮಾಲ್ 1969ರಲ್ಲಿ ಬಳಕೆಗೆ ಬಂದಿತು. ಇಂದಿಗೂ ನೀಲಿ ಇನ್‌ಹೇಲರಿನಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಇದು ರಕ್ತನಾಳಗಳನ್ನು ಬಿಗಿಯುವುದಿಲ್ಲ, ಕೊಂಚ ಸಡಿಲಿಸಲೂಬಹುದು. ಎದೆ ಹೊಡೆದುಕೊಳ್ಳುವುದೂ ಕೈ ನಡುಗುವುದೂ ನಿಜ. ಆದರೆ ನಾಡಿ ವೇಗವಾಯಿತೆಂದ ಮಾತ್ರಕ್ಕೆ ಒತ್ತಡ ಏರಿತೆಂದು ಅರ್ಥವಲ್ಲ. ಉಸಿರು ಕಟ್ಟಿದ ಸಂಕಟವೇ ಅನೇಕ ವೇಳೆ ಒತ್ತಡವನ್ನು ಏರಿಸುತ್ತದೆಂಬುದನ್ನು ಮರೆಯಬಾರದು.

ಪ್ರಮಾಣದ ಮಾತನ್ನೂ ಹೇಳಬೇಕು. ಸಾಲ್‌ಬ್ಯುಟಮಾಲಿನ ಒಂದು ಸೇದುವಿಕೆಯಲ್ಲಿರುವುದು 100 ಮೈಕ್ರೋಗ್ರಾಂ. ಮಾತ್ರೆಯಲ್ಲಿರುವುದು 2 ಅಥವಾ 4 ಮಿಲಿಗ್ರಾಂ, ಎಂದರೆ 20ರಿಂದ 40 ಪಾಲು ಹೆಚ್ಚು. ಮಾತ್ರೆಯು ರಕ್ತದೊಡನೆ ದೇಹವನ್ನೆಲ್ಲ ಸುತ್ತಿ ಶ್ವಾಸನಾಳವನ್ನು ಮುಟ್ಟಬೇಕು. ಸೇದಿದ ಮದ್ದು ನೆಟ್ಟಗೆ ಅಲ್ಲಿಗೇ ಹೋಗುತ್ತದೆ. ಇನ್‌ಹೇಲರು ಉಗ್ರವಾದದ್ದು, ಮಾತ್ರೆ ಸೌಮ್ಯವಾದದ್ದು ಎಂಬ ನಮ್ಮ ಜನರ ನಂಬಿಕೆ ತಲೆಕೆಳಗಾದದ್ದು. ಸ್ಟೀರಾಯ್ಡುಗಳ ವಿಷಯದಲ್ಲಿಯೂ ಹೀಗೆಯೇ. ಪ್ರೆಡ್ನಿಸಲೋನ್ ಮಾತ್ರೆಯನ್ನು ಬಹುದಿನ ನುಂಗಿದರೆ ದೇಹದಲ್ಲಿ ಉಪ್ಪೂ ನೀರೂ ನಿಂತು ಒತ್ತಡ ಏರಬಹುದು. ಹಾಗೆಂದು ಅದನ್ನು ತಟಕ್ಕನೆ ಬಿಡುವುದೂ ಅಪಾಯ. ಸೇದುವ ಸ್ಟೀರಾಯ್ಡು ಸಾಧಾರಣ ಪ್ರಮಾಣದಲ್ಲಿ ಅಂತಹ ತೊಂದರೆಯನ್ನು ಕೊಡುವುದು ವಿರಳ. ಒಳಪದರದ ಊತವನ್ನು ಇಳಿಸಿ ರೋಗವನ್ನು ಹತೋಟಿಯಲ್ಲಿಡುವುದು ಅದೇ. ನೀಲಿ ಇನ್‌ಹೇಲರನ್ನು ಮೇಲಿಂದ ಮೇಲೆ ಸೇದಬೇಕಾಗಿ ಬಂದರೆ ಹತೋಟಿ ತಪ್ಪಿದೆಯೆಂದು ತಿಳಿದು ವೈದ್ಯರನ್ನು ಕಾಣಬೇಕು.

ಇನ್ನು, ಯಾರೂ ಭಯಪಡದಿರುವ ಕಡೆಯಲ್ಲಿ ಅಡಗಿರುವ ಅಪಾಯವನ್ನು ನೋಡೋಣ. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಬೀಟಾ ಬೀಗವನ್ನೇ ಮುಚ್ಚಿಬಿಡುವ ಪ್ರೊಪ್ರನಲಾಲ್ ಎಂಬ ಔಷಧವನ್ನು ರೂಪಿಸಿದರು. ಅದು ಹೃದಯರೋಗಿಗಳಿಗೆ ವರವಾಯಿತು. ಒತ್ತಡವನ್ನು ಇಳಿಸಲೂ ಬಳಕೆಯಾಯಿತು. ಆದರೆ ಹೃದಯದ ಬೀಗದೊಡನೆ ಶ್ವಾಸನಾಳದ ಬೀಗವೂ ಮುಚ್ಚಿತು. ಉಬ್ಬಸವಿದ್ದವರಿಗೆ ಇದು ಪ್ರಾಣಾಪಾಯವನ್ನೂ ತರಬಹುದು. ಈ ಜಾತಿಗೆ ಸೇರಿದ ಟಿಮೋಲಾಲ್ ಎಂಬುದನ್ನು ಕಣ್ಣಿನ ಒತ್ತಡಕ್ಕಾಗಿ ಕಣ್ಣಿಗೆ ಬಿಟ್ಟರೂ ಉಬ್ಬಸ ಕೆರಳುವುದುಂಟು. ಒತ್ತಡಕ್ಕೆ ಕೊಡುವ ಎನಾಲಪ್ರಿಲ್, ರ‍್ಯಾಮಿಪ್ರಿಲ್ ಮುಂತಾದವು ಕೆಲವರಲ್ಲಿ ಒಣಕೆಮ್ಮನ್ನು ತರುತ್ತವೆ. ಅದನ್ನು ಉಬ್ಬಸವೆಂದು ಭ್ರಮಿಸಿ ಔಷಧವನ್ನು ಹೆಚ್ಚಿಸಿಕೊಳ್ಳುವವರೂ ಇದ್ದಾರೆ. ಅಂಗಡಿಯಲ್ಲಿ ಕೇಳಿ ತರುವ ಕೆಲವು ನೆಗಡಿಯ ಮಾತ್ರೆಗಳಲ್ಲಿ ಎಫೆಡ್ರಿನ್ನಿನ ಬಂಧುಗಳಿವೆ. ಕೆಮ್ಮಿಗೆಂದು ಬಾಯಲ್ಲಿಟ್ಟು ಚಪ್ಪರಿಸುವ ಜ್ಯೇಷ್ಠಮಧುವನ್ನೂ ಬಹಳ ದಿನ ಧಾರಾಳವಾಗಿ ಸೇವಿಸಿದರೆ ಉಪ್ಪು ನಿಂತು ಒತ್ತಡ ಏರುತ್ತದೆ. ಗಿಡಮೂಲಿಕೆಯೆಂಬುದು ನಿರಪಾಯಕ್ಕೆ ಸಾಕ್ಷಿಯಲ್ಲ.

ಹಾಗಾದರೆ ನಮ್ಮ ಗೃಹಸ್ಥರು ಮಾಡತಕ್ಕದ್ದೇನು? ಇನ್‌ಹೇಲರನ್ನು ತಾವಾಗಿ ಬಿಡಬಾರದು. ಎದೆಬಡಿತ ಹೆಚ್ಚಾಗಿ ಬಾಧಿಸಿದರೆ, ಅಥವಾ ಎದೆನೋವು ಬಂದರೆ, ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಒತ್ತಡವನ್ನು ಊಹೆಯಿಂದಲ್ಲ, ಅಳತೆಯಿಂದ ತಿಳಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಎದೆಗೊಬ್ಬರು, ಶ್ವಾಸಕ್ಕೊಬ್ಬರು, ಕಣ್ಣಿಗೊಬ್ಬರು ಎಂದು ಬೇರೆ ಬೇರೆ ವೈದ್ಯರ ಬಳಿಗೆ ಹೋಗುವಾಗ, ಮನೆಯಲ್ಲಿರುವ ಮಾತ್ರೆ, ಇನ್‌ಹೇಲರು, ಕಣ್ಣಿನ ಹನಿ, ಲೇಹ್ಯ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ಪ್ರತಿಯೊಬ್ಬರ ಮುಂದೆಯೂ ಸುರಿಯಬೇಕು. ಒಬ್ಬರು ತೆರೆಯಬಯಸಿದ ಬೀಗವನ್ನು ಇನ್ನೊಬ್ಬರು ತಿಳಿಯದೆ ಮುಚ್ಚದಂತೆ ನೋಡಿಕೊಳ್ಳಲು ನಮ್ಮ ಕೈಯಲ್ಲಿರುವ ಸುಲಭವಾದ ಉಪಾಯವಿದು.