ಕಂಕುಳಿನ ಶಸ್ತ್ರಚಿಕಿತ್ಸೆ: ನೀರು ಸೋರಿದರೆ ಗಾಬರಿ ಬೇಡ

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದ ಅಮ್ಮನ ಪಕ್ಕೆಯಿಂದ ಸಣ್ಣದೊಂದು ಪ್ಲಾಸ್ಟಿಕ್ ಕೊಳವೆ, ಅದರ ತುದಿಗೊಂದು ಬಾಟಲಿ. ಒಳಗೆ ಕೆಂಪು ನೀರು. ಪರೀಕ್ಷೆಗೆ ಓದಲು ಕುಳಿತ ಮಕ್ಕಳ ಕಣ್ಣು ಪದೇ ಪದೇ ಅತ್ತಲೇ ಹೋಗುತ್ತದೆ. ಕೇಳಲು ಅವರಿಗೆ ಸಂಕೋಚ, ಹೇಳಲು ದೊಡ್ಡವರಿಗೂ ಸಂಕೋಚ. ವಿಷಯ ತಿಳಿದರೆ ಅರ್ಧ ಭಯ ದೂರವಾದೀತು.

ಎಲ್ಲಿಂದ ಈ ನೀರು?

ರಕ್ತನಾಳಗಳಿಂದ ಹೊರಬಂದ ದ್ರವದ ಒಂದು ಪಾಲನ್ನು ಮರಳಿ ರಕ್ತಕ್ಕೆ ಸೇರಿಸುವುದು ದುಗ್ಧನಾಳಗಳ ಕೆಲಸ. ದಾರಿಯಲ್ಲಿ ಅದನ್ನು ಸೋಸುವ ಜರಡಿಗಳೇ ದುಗ್ಧಗ್ರಂಥಿಗಳು. ಸ್ತನ ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಮೊದಲು ಕಂಕುಳಿನ ಗ್ರಂಥಿಗಳನ್ನು ಸೇರುವುದರಿಂದ, ಅಗತ್ಯವಿದ್ದಾಗ ವೈದ್ಯರು ಅವನ್ನು ತೆಗೆಯುತ್ತಾರೆ. ಆಗ ತುಂಡಾದ ನಾಳಗಳಿಂದ ಸೋರುವ ದ್ರವ ಖಾಲಿ ಜಾಗದಲ್ಲಿ ತುಂಬುತ್ತದೆ. ಅದನ್ನು ಹೊರಗೆಳೆಯಲೆಂದೇ ಈ ಕೊಳವೆ.

ಮೊದಲು ಕೆಂಪಗಿರುವ ನೀರು ದಿನ ಕಳೆದಂತೆ ತಿಳಿಹಳದಿಯಾಗುತ್ತದೆ, ಪ್ರಮಾಣವೂ ಇಳಿಯುತ್ತದೆ. 24 ಗಂಟೆಗಳಲ್ಲಿ ಸುಮಾರು 30 ಮಿ.ಲೀ.ಗಿಂತ, ಅಂದರೆ ಆರು ಟೀ ಚಮಚಕ್ಕಿಂತ ಕಡಿಮೆಯಾದಾಗ ಅನೇಕ ವೈದ್ಯರು ಕೊಳವೆ ತೆಗೆಯುತ್ತಾರೆ. ಇದಕ್ಕೆ ಒಂದೆರಡು ವಾರ ಹಿಡಿಯಬಹುದು.

ಮನೆಯವರ ಪಾಲು

* ಸೋಪಿನಿಂದ ಕೈ ತೊಳೆದು, ದಿನವೂ ಒಂದೇ ಹೊತ್ತಿಗೆ ದ್ರವ ಅಳೆದು ಬರೆದಿಡಿ. ಅಳತೆ, ಬಣ್ಣ, ದಿನಾಂಕ ಬರೆಯುವ ಕೆಲಸವನ್ನು ಮಕ್ಕಳಿಗೇ ವಹಿಸಬಹುದು.
* ಬಾಟಲಿ ಗಾಯಕ್ಕಿಂತ ಕೆಳಗಿರಲಿ, ಕೊಳವೆ ಮಡಚದಿರಲಿ.
* ಊಟಕ್ಕೆ, ತಲೆ ಬಾಚಲು ಕೈ ಬಳಸಬಹುದು. ನೀರಿನ ಕೊಡ ಎತ್ತುವುದು ಬೇಡ. ತೋಳಿನ ವ್ಯಾಯಾಮ ವೈದ್ಯರು ಹೇಳಿದಷ್ಟೇ.

ಕೊಳವೆ ತೆಗೆದ ಮೇಲೆ

ರಂಧ್ರದಿಂದ ಒಂದೆರಡು ದಿನ ನೀರು ಜಿನುಗಬಹುದು. ಶುದ್ಧ ಬ್ಯಾಂಡೇಜು ಸಾಕು. ಕೆಲವರಿಗೆ ಚರ್ಮದಡಿ ನೀರು ನಿಂತು ಮೆತ್ತಗೆ ಉಬ್ಬುತ್ತದೆ. ಇದೇ ‘ಸೀರೋಮಾ’. ಇದು ಕ್ಯಾನ್ಸರ್ ಮರಳಿದ ಲಕ್ಷಣವಲ್ಲ. ಚಿಕ್ಕದಾದರೆ ದೇಹವೇ ಹೀರಿಕೊಳ್ಳುತ್ತದೆ. ದೊಡ್ಡದಾಗಿ ಬಿಗಿದರೆ ವೈದ್ಯರು ಸೂಜಿಯಿಂದ ಹೊರತೆಗೆಯುತ್ತಾರೆ. ಮತ್ತೆ ತುಂಬಿದರೆ ಮತ್ತೊಮ್ಮೆ ತೆಗೆಯಬೇಕಾದೀತು. ಮನೆಯಲ್ಲಿ ಹಿಸುಕುವುದು, ಚುಚ್ಚುವುದು, ಅರಿಸಿನ ಮೆತ್ತುವುದು ಸಲ್ಲದು.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಗಾಯ ಕೆಂಪಾಗಿ ಬಿಸಿಯಾದರೆ, ಕೀವು ಅಥವಾ ದುರ್ವಾಸನೆ ಬಂದರೆ, ಬಾಟಲಿಗೆ ಒಮ್ಮೆಲೇ ರಕ್ತ ತುಂಬಿದರೆ ಅಂದೇ ಆಸ್ಪತ್ರೆಗೆ ಹೋಗಿ. ಗಾಯ ಮಾಗದಿದ್ದರೆ ಕೀಮೋ ಚಿಕಿತ್ಸೆಯೂ ಮುಂದಕ್ಕೆ ಹೋಗಬಹುದು. ಆದ್ದರಿಂದ ‘ಮಕ್ಕಳ ಪರೀಕ್ಷೆ ಮುಗಿಯಲಿ’ ಎಂದು ತಾಯಂದಿರು ನೋವು ನುಂಗಿಕೊಂಡು ಕೂರಬಾರದು. ತಪಾಸಣೆಗೆ ಹೋಗುವಾಗ ಮಗ ಅಥವಾ ಮಗಳು ಬರೆದಿಟ್ಟ ಆ ಪುಸ್ತಕ ಮರೆಯದೆ ಒಯ್ಯಿರಿ. ವೈದ್ಯರು ಮೊದಲು ಕೇಳುವ ಲೆಕ್ಕ ಅದರಲ್ಲಿರುತ್ತದೆ.