ಹಳೆಯ ಮನೆಯ ಕಲ್ಲು: ಹೊಸ್ತಿಲಿಂದ ಹಿತ್ತಿಲವರೆಗೆ

ಯುರೋಪಿನಲ್ಲಿ ಹಳೆಯ ಬಂಗಲೆಯೊಂದನ್ನು ಕೆಡವುವ ಮುನ್ನ ಅದರ ಅಗ್ಗಿಷ್ಟಿಕೆಯ ಚೌಕಟ್ಟನ್ನು ಜೋಪಾನವಾಗಿ ಬಿಚ್ಚಿಡುತ್ತಾರೆ. ಎರಡು ಪಕ್ಕಗಂಬ, ಅವುಗಳ ಮೇಲೊಂದು ಅಡ್ಡಪಟ್ಟಿ, ಅದರ ಮೇಲೆ ಗಡಿಯಾರ, ಹೂದಾನಿ ಇಡುವ ಹಲಗೆ. ಒಳ್ಳೆಯದಾದರೆ ಎಲ್ಲವೂ ಅಮೃತಶಿಲೆಯದು. ಅದರಲ್ಲೂ ಇಟಲಿಯ ಕರಾರಾ ಗಣಿಯ ಬಿಳಿಕಲ್ಲಿಗೆ ಹೆಸರು ಹೆಚ್ಚು. ತುಂಡು ತುಂಡಿಗೂ ಗುರುತು ಹಾಕಿ ಬಿಚ್ಚಿ, ಬೇರೊಂದು ಮನೆಯಲ್ಲಿ ಮತ್ತೆ ಕೂರಿಸುತ್ತಾರೆ. ಇದೇ ವ್ಯಾಪಾರದಿಂದ ಬದುಕುವ ಅಂಗಡಿಗಳೂ ಅಲ್ಲಿವೆ. ನಮ್ಮಲ್ಲಿ ಅಗ್ಗಿಷ್ಟಿಕೆ ಕಾಣಬೇಕೆಂದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಬಂಗಲೆಗಳಿಗೆ ಹೋಗಬೇಕು. ಇಟಲಿಯ ಅಮೃತಶಿಲೆ ಮಾತ್ರ ಮೈಸೂರಿನವರಿಗೆ ಹೊಸದಲ್ಲ. ವೈಸ್‌ರಾಯ್ ಇಳಿದುಕೊಳ್ಳಲೆಂದು 1921ರಲ್ಲಿ ಕಟ್ಟಲು ತೊಡಗಿದ ಲಲಿತ ಮಹಲಿನ ಮೆಟ್ಟಿಲುಗಳು ಆ ಕಲ್ಲಿನವೇ.

ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆ ಹೋಬಳಿಯಂಥ ಬಯಲುಸೀಮೆಯ ಮನೆಗೆ ಅಗ್ಗಿಷ್ಟಿಕೆಯ ಅಗತ್ಯವೇ ಬೀಳಲಿಲ್ಲ. ಮನೆಯ ಬೆಂಕಿಯೆಲ್ಲ ಅಡುಗೆಮನೆಯ ಒಲೆಯಲ್ಲಿ, ಬಚ್ಚಲ ಹಂಡೆಯ ಕೆಳಗೆ. ಹಾಗೆಂದು ಈ ಸೀಮೆಯ ಮನೆಗಳಲ್ಲಿ ಕಲ್ಲಿನ ಕುಸುರಿಗೆ ಜಾಗವಿರಲಿಲ್ಲ ಎನ್ನಲಾಗದು. ಹೊಸ್ತಿಲು, ಜಗಲಿಯ ಅಂಚು, ಕಂಬದ ಪೀಠ, ತುಳಸಿಕಟ್ಟೆ, ಒರಳು, ರಾಗಿಕಲ್ಲು, ದನಕ್ಕೆ ನೀರಿಡುವ ಬಾನಿ ಎಲ್ಲವೂ ಕಲ್ಲುಕುಟಿಗರ ಕೈಯಲ್ಲಿ ರೂಪ ಪಡೆದವು. ಬೆಲೆ ಕಟ್ಟುವವರಿಲ್ಲದೆ ಹಿತ್ತಿಲಿಗೆ ಬಿದ್ದಿರುವ ಈ ಕಲ್ಲುಗಳು ಯಾವ ಅಗ್ಗಿಷ್ಟಿಕೆಗೂ ಕಡಿಮೆಯಿಲ್ಲದ ಆಸ್ತಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ನೆಲದ ಕಲ್ಲಿನ ವಯಸ್ಸೇ ದೊಡ್ಡದು. ಮುನ್ನೂರು ಕೋಟಿ ವರ್ಷಕ್ಕೂ ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಶಿಲಾಪಟ್ಟಿಯೊಂದಕ್ಕೆ ಕೃಷ್ಣರಾಜಪೇಟೆಯ ಹೆಸರೇ ಇದೆ. ಸುತ್ತಮುತ್ತ ಹರಡಿರುವುದು ಗಟ್ಟಿಯಾದ ಕಣಶಿಲೆ ಮತ್ತು ಪಟ್ಟೆಪಟ್ಟೆಯ ನೈಸ್ ಕಲ್ಲು. ನಡುನಡುವೆ ಮೆದುವಾದ ಬಳಪದ ಕಲ್ಲು. ಭಾರ ಹೊರುವ ಕೆಲಸಕ್ಕೆ ಗಟ್ಟಿಕಲ್ಲು, ಕುಸುರಿಗೆ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಉಳಿಗೆ ಸುಲಭವಾಗಿ ಬಗ್ಗುವ ಬಳಪದ ಕಲ್ಲು ಗಾಳಿಗೆ ಮೈಯೊಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಹೊಯ್ಸಳರ ಶಿಲ್ಪಿಗಳು ಅದನ್ನು ಆರಿಸಿಕೊಂಡದ್ದು ಇದೇ ಗುಣಕ್ಕೆ.

ಮನೆಯ ಕಲ್ಲುಗಳಲ್ಲಿ ನನಗೆ ಬಹಳ ಹಿಡಿಸುವುದು ಕಂಬದ ಪೀಠ. ತೊಟ್ಟಿಮನೆಯ ಕಂಬ ಮರದ್ದು, ಅದರ ಕಾಲು ಮಾತ್ರ ಕಲ್ಲಿನದು. ಮರ ನೇರವಾಗಿ ನೆಲಕ್ಕೆ ತಾಗಿದರೆ ತೇವ ಏರುತ್ತದೆ, ಗೆದ್ದಲು ಹತ್ತುತ್ತದೆ. ಅದಕ್ಕೆ ಗೇಣುದ್ದದ ಕಲ್ಲನ್ನು ನಡುವೆ ಇಟ್ಟರು. ಕೆಳಗೆ ಚೌಕ, ಅದರ ಮೇಲೆ ಎಂಟು ಮೂಲೆ, ಆಮೇಲೆ ದುಂಡು, ಅಂಚಿಗೆ ಸುತ್ತಲೂ ಕಮಲದ ದಳ. ತೇವ ತಡೆಯಲು ಇಷ್ಟೆಲ್ಲ ಬೇಕಿರಲಿಲ್ಲ, ಒರಟು ಕಲ್ಲೇ ಸಾಕಿತ್ತು. ಆದರೂ ಕಲ್ಲುಕುಟಿಗ ದಳ ಬಿಡಿಸಿದ. ದಿನವೂ ಅದಕ್ಕೆ ಒರಗಿ ಕೂತ ಬೆನ್ನುಗಳಿಂದ, ಆಡುವ ಮಕ್ಕಳ ಕೈಗಳಿಂದ ಆ ದಳಗಳ ಮೊನೆ ಸವೆದು ನುಣುಪಾಗಿರುತ್ತದೆ. ಯಂತ್ರದ ಪಾಲಿಶ್‌ನಲ್ಲಿ ಆ ನುಣುಪು ಬರುವುದಿಲ್ಲ.

ರಾಗಿಕಲ್ಲಿನ ವಿಷಯ ತದ್ವಿರುದ್ಧ. ನುಣುಪಾದರೆ ಅದು ಕೆಲಸಕ್ಕೆ ಬಾರದು. ಎರಡು ದುಂಡುಕಲ್ಲುಗಳ ನಡುವೆ ರಾಗಿ ಹಿಟ್ಟಾಗಬೇಕಾದರೆ ಒಳಮೈ ತರಿತರಿಯಾಗಿರಬೇಕು. ಸವೆದಾಗಲೆಲ್ಲ ಅದನ್ನು ಮತ್ತೆ ಕುಟ್ಟಿಸಬೇಕಿತ್ತು. ಈ ಕೆಲಸಕ್ಕೆಂದೇ ಉಳಿ, ಸುತ್ತಿಗೆ ಹಿಡಿದು ಬೀದಿ ಬೀದಿ ಕೂಗಿಕೊಂಡು ಬರುವವರಿದ್ದರು. ಹಿಟ್ಟಿನ ಗಿರಣಿ, ಆಮೇಲೆ ಮಿಕ್ಸಿ, ಗ್ರೈಂಡರ್ ಬಂದವು. ಆ ಕೂಗು ನಿಂತಿತು.

ಬಂಡೆಯಿಂದ ಚಪ್ಪಡಿ ಎಬ್ಬಿಸುವುದನ್ನು ನಿಂತು ನೋಡಿದವರಿಗೆ ಗೊತ್ತು, ಅದು ಬರೀ ತೋಳುಬಲದ ಕೆಲಸವಲ್ಲ. ಮೊದಲು ಬಂಡೆಯ ಓಟ ಯಾವ ಕಡೆಗಿದೆ ಎಂದು ನೋಡಬೇಕು. ಆ ಗೆರೆಯುದ್ದಕ್ಕೂ ಸಾಲಾಗಿ ಸಣ್ಣ ಗುಳಿ ತೋಡಿ, ಕಬ್ಬಿಣದ ಬೆಣೆ ಇಟ್ಟು, ಒಂದಾದ ಮೇಲೊಂದಕ್ಕೆ ಸಮನಾಗಿ ಏಟು ಹಾಕುತ್ತ ಹೋಗಬೇಕು. ಒಂದೇ ಬೆಣೆಗೆ ಆತುರದಿಂದ ಹೊಡೆದರೆ ಕಲ್ಲು ಅಡ್ಡ ಸೀಳುತ್ತದೆ. ಏಟು ಬಿದ್ದಂತೆ ಕಲ್ಲಿನ ದನಿ ಬದಲಾಗುತ್ತದೆ. ಕಿವಿಗೊಟ್ಟವನಿಗೆ ಬಿರುಕು ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯುತ್ತದೆ. ಹಳೆಯ ಚಪ್ಪಡಿ ಕೊಳ್ಳುವವರೂ ಇದನ್ನೇ ಮಾಡಬೇಕು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಕಣಕಣ ಎಂದರೆ ಗಟ್ಟಿ, ದಬದಬ ಎಂದರೆ ಒಳಗೆ ಸೀಳಿದೆ.

ಮನೆಯ ಕಲ್ಲುಕೆಲಸಕ್ಕೆ ಗುರುಮನೆ ಯಾವುದೆಂದು ಕೇಳಿದರೆ ದೂರ ಹೋಗಬೇಕಾಗಿಲ್ಲ. ಕಿಕ್ಕೇರಿಯ ಬ್ರಹ್ಮೇಶ್ವರ ಗುಡಿ 1171ರದು. ಗೋವಿಂದನಹಳ್ಳಿಯಲ್ಲಿ ಐದು ಗರ್ಭಗುಡಿಗಳು ಸಾಲಾಗಿ ನಿಂತ ಪಂಚಲಿಂಗೇಶ್ವರ. ಸೋಮನಾಥಪುರದಲ್ಲಿ ಹೆಸರು ಕೆತ್ತಿಟ್ಟ ಮಲ್ಲಿತಮ್ಮ ಇಲ್ಲಿಯೂ ಉಳಿ ಹಿಡಿದಿದ್ದ. ಕೆ.ಆರ್. ಪೇಟೆಗೆ ಅಂಟಿಕೊಂಡಂತಿರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿ 13ನೇ ಶತಮಾನದ ನಡುಭಾಗದ್ದು. ಅದರ ತಳಪಟ್ಟಿಯಲ್ಲಿ ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆ, ಮಕರ, ಹಂಸ ಹೀಗೆ ಆರು ಸಾಲು ಒಂದರ ಮೇಲೊಂದು ಸುತ್ತಿಕೊಂಡಿವೆ. ಒಳಗಿನ ಕಂಬಗಳನ್ನು ತಿರುಗಿಸುತ್ತ ಕಡೆದದ್ದರಿಂದ ಮೈಮೇಲೆ ಉಂಗುರ ಉಂಗುರವಾಗಿ ಗೆರೆಗಳು ಮೂಡಿವೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರ. ಹೊಸಹೊಳಲಿಗೆ ಬರುವವರು ಅವುಗಳಿಗೆ ಹೋಲಿಸಿದರೆ ಬೆರಳೆಣಿಕೆಯಷ್ಟು, ನಿಧಾನವಾಗಿ ನೋಡಲು ಅದೇ ಅನುಕೂಲ.

ಶ್ರೀರಂಗಪಟ್ಟಣಕ್ಕೆ ಹೋದರೆ ಕಲ್ಲಿನ ಇನ್ನೊಂದು ಮುಖ ಕಾಣುತ್ತದೆ. ಟಿಪ್ಪು ಸುಲ್ತಾನ್ 1782-84ರಲ್ಲಿ ಕಟ್ಟಿಸಿದ ಗುಂಬಜ್‌ನ ಸುತ್ತಲೂ ನುಣ್ಣಗೆ ಉಜ್ಜಿದ ಕರಿಕಲ್ಲಿನ ಕಂಬಗಳು. ಕಿಟಕಿಗಳಿಗೂ ಕಲ್ಲಿನದೇ ಜಾಲಂಧ್ರ. ಬೆಳಕು, ಗಾಳಿ ಎರಡನ್ನೂ ಬಿಡುವ ಅಂಥ ಜಾಲಂಧ್ರಗಳನ್ನು ಇಂದು ಮನೆ ಕಟ್ಟಿಸುವವರು ಮತ್ತೆ ಕೇಳುತ್ತಿದ್ದಾರೆ. ಸಂತೋಷದ ಸಂಗತಿ.

ಕಲ್ಲನ್ನು ಬಿಚ್ಚಿ ಬೇರೆಡೆ ಕಟ್ಟುವ ವಿದ್ಯೆಗೂ ಇಲ್ಲೇ ದೊಡ್ಡ ಉದಾಹರಣೆಯಿದೆ. ಕೃಷ್ಣರಾಜಸಾಗರ ತುಂಬಿದಾಗ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ನೀರಿನಡಿ ಸೇರಿತು. ಬರಗಾಲದಲ್ಲಿ ಮಾತ್ರ ತಲೆ ಎತ್ತುತ್ತಿತ್ತು. ಖೋಡೆ ಪ್ರತಿಷ್ಠಾನ ಅದರ ಕಲ್ಲುಗಳ ಚಿತ್ರ ತೆಗೆಸಿ, ಗುರುತು ಹಾಕಿಸಿ, ಬಿಚ್ಚಿಸಿ, ಹಿನ್ನೀರಿನ ದಡದ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಎಬ್ಬಿಸಿತು. ಇವತ್ತು ಅದು ಪಾಂಡವಪುರ ತಾಲ್ಲೂಕಿನಲ್ಲಿ ಜನ ಹೆಚ್ಚು ನೋಡುವ ಗುಡಿಗಳಲ್ಲೊಂದು.

ಮನೆಯ ಕಲ್ಲಿಗೂ ಇದೇ ಶಿಸ್ತು ಬೇಕು. ತೊಟ್ಟಿಮನೆ ಕೆಡವಿ ಆರ್‌ಸಿಸಿ ಕಟ್ಟುವಾಗ ಜೆಸಿಬಿ ಮೊದಲು ಮುರಿಯುವುದು ಕಂಬದ ಪೀಠ, ಹೊಸ್ತಿಲುಗಳನ್ನೇ. ಉಳಿದದ್ದು ರೆಸಾರ್ಟ್, ಫಾರ್ಮ್‌ಹೌಸ್‌ಗಳ ಅಂಗಳಕ್ಕೆ ಲಾರಿಯಲ್ಲಿ ಹೋಗುತ್ತದೆ. ಅಜ್ಜಿ ರುಬ್ಬಿದ ಒರಳು ಅಲ್ಲಿ ಹೂಕುಂಡ. ಕೆಡವುವ ಮೊದಲು ಕಲ್ಲುಗಳನ್ನು ಸೀಮೆಸುಣ್ಣದಲ್ಲಿ ಗುರುತಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದು, ಹೊಸ ಮನೆಯ ಪಡಸಾಲೆಗೋ ಜಗಲಿಗೋ ಅವನ್ನೇ ಕೂರಿಸಲು ಮೇಸ್ತ್ರಿಗೆ ಹೇಳಿದರೆ ಖರ್ಚು ಹೆಚ್ಚೇನೂ ಆಗದು. ಅವಕ್ಕೆ ಎನಾಮಲ್ ಪೇಂಟ್ ಬಳಿಯಬೇಡಿ, ಒಳಗಿನ ತೇವ ಹೊರಬರಲಾಗದೆ ಮೈ ಪುಡಿ ಉದುರುತ್ತದೆ. ನೀರು, ಮೆದು ಬ್ರಷ್ ಸಾಕು. ಅಮೃತಶಿಲೆಯೇ ಬೇಕೆನ್ನುವವರು ಅದನ್ನು ಅಡುಗೆಕಟ್ಟೆಗೆ ಮಾತ್ರ ಹಾಕಿಸದಿರಲಿ. ಹುಣಸೆಹುಳಿ, ನಿಂಬೆರಸ ಬಿದ್ದಲ್ಲೆಲ್ಲ ಹೊಳಪು ಹೋಗಿ ಕಲೆ ನಿಲ್ಲುತ್ತದೆ. ಆ ಜಾಗಕ್ಕೆ ನಮ್ಮ ಕಣಶಿಲೆಯೇ ಸರಿ.

ಹೊಸದಾಗಿ ಕೆತ್ತಿಸುವವರಿಗೂ ಕೈಗಳಿವೆ. ಕೋಲಾರ ಜಿಲ್ಲೆಯ ಶಿವಾರಪಟ್ಟಣದಲ್ಲಿ ಮನೆಮನೆಯೂ ಶಿಲ್ಪಶಾಲೆ. ಬಿಡದಿ ಬಳಿಯ ಜೋಗರದೊಡ್ಡಿಯಲ್ಲಿ, ಕಾರ್ಕಳದಲ್ಲಿ ಯುವಕರಿಗೆ ಕಲ್ಲು ಕೆತ್ತನೆ ಕಲಿಸುವ ಸಂಸ್ಥೆಗಳಿವೆ. 2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಪ್ರತಿಷ್ಠೆಯಾದ ಬಾಲರಾಮನನ್ನು ಮೈಸೂರಿನ ಅರುಣ್ ಯೋಗಿರಾಜ್ ಕೃಷ್ಣಶಿಲೆಯಲ್ಲಿ ಕೆತ್ತಿದ ಮೇಲೆ ಮೈಸೂರು ಸೀಮೆಯ ಆ ಕಲ್ಲಿನ ಮಾತು ದೇಶದೆಲ್ಲೆಡೆ ಕೇಳಿಬಂತು.

ಹಳೆಯ ಕಲ್ಲು ಕೊಳ್ಳುವವರಿಗೆ ಕೊನೆಯದಾಗಿ ಒಂದು ಮಾತು. ಒರಳು, ಚಪ್ಪಡಿ, ಕಂಬದ ಪೀಠಗಳನ್ನು ಮನೆಯವರಿಂದ ಕೇಳಿ ಕೊಳ್ಳಿ. ವೀರಗಲ್ಲು, ಮಾಸ್ತಿಕಲ್ಲು, ನಾಗರಕಲ್ಲು, ಅಕ್ಷರವಿರುವ ಶಾಸನಕಲ್ಲುಗಳನ್ನು ಯಾರು ಎಷ್ಟಕ್ಕೆ ಕೊಡುತ್ತೇನೆಂದರೂ ಮುಟ್ಟಬೇಡಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಪ್ರಾಚ್ಯವಸ್ತು. ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದಿಂದ ಆಚೆ ಸಾಗಿಸುವಂತೆಯೇ ಇಲ್ಲ. ನಿಮ್ಮ ಹೊಲದಲ್ಲೋ ಹಿತ್ತಿಲಲ್ಲೋ ಅಂಥ ಕಲ್ಲು ಕಂಡರೆ ತಾಲ್ಲೂಕು ಕಚೇರಿಗೆ ಇಲ್ಲವೇ ಪುರಾತತ್ವ ಇಲಾಖೆಗೆ ತಿಳಿಸಿ.