ಶಾಂತಿಯುತ ಸಭೆಯ ಹಕ್ಕು ಮತ್ತು ಮಡಿಕೇರಿಯ ಪಾಠ

ಮನುಷ್ಯನು ಒಬ್ಬನೇ ಇದ್ದಾಗ ಆಲೋಚಿಸುತ್ತಾನೆ. ಹತ್ತು ಜನರೊಡನೆ ಕೂಡಿದಾಗ ಆ ಆಲೋಚನೆಗೆ ಧ್ವನಿ ಬರುತ್ತದೆ. ಈ ಸತ್ಯವನ್ನು ಕನ್ನಡ ನಾಡು ಹನ್ನೆರಡನೆಯ ಶತಮಾನದಲ್ಲಿಯೇ ಕಂಡುಕೊಂಡಿತ್ತು. ಕಲ್ಯಾಣದ ಅನುಭವ ಮಂಟಪದಲ್ಲಿ ಮಡಿವಾಳ, ಅಂಬಿಗ, ಮಾದಾರ, ಮಂತ್ರಿ ಎಂಬ ಭೇದವಿಲ್ಲದೆ, ಸ್ತ್ರೀಪುರುಷರೆಂಬ ಅಂತರವಿಲ್ಲದೆ ಶರಣರು ಕೂಡಿ ಕುಳಿತು ಪ್ರಶ್ನಿಸಿದರು, ಉತ್ತರಿಸಿದರು. ಅದೇ ಕಲ್ಯಾಣದಲ್ಲಿ ಹರಳಯ್ಯ ಮತ್ತು ಮಧುವರಸರ ಮನೆಗಳ ನಡುವೆ ನಡೆದ ಸಂಬಂಧವು ಅರಸೊತ್ತಿಗೆಯ ಕೋಪಕ್ಕೆ ಗುರಿಯಾಗಿ, ಇಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂದೂ, ಶರಣರು ದಿಕ್ಕು ದಿಕ್ಕಿಗೆ ಚದುರಿದರೆಂದೂ ಪರಂಪರೆ ಹೇಳುತ್ತದೆ. ಜನರು ಕೂಡುವುದರ ಮಹತ್ವ, ಅದನ್ನು ಕಂಡು ಅಧಿಕಾರವು ಪಡುವ ಭಯ, ಕೊನೆಗೆ ಹರಿಯುವ ರಕ್ತ, ಇವು ಮೂರೂ ಆ ಒಂದೇ ಕಥೆಯಲ್ಲಿವೆ. ಅಂದಿನ ಶರಣರಿಗೆ ಇಲ್ಲದಿದ್ದ ಒಂದು ರಕ್ಷಣೆ ಇಂದಿನ ನಾಗರಿಕನಿಗೆ ಇದೆ. ಅದು ಭಾರತದ ಸಂವಿಧಾನ. ಆ ರಕ್ಷಣೆಯ ಸ್ವರೂಪವೇನು, ಅದರ ಎಲ್ಲೆ ಯಾವುದು, ಪೊಲೀಸರ ಕರ್ತವ್ಯ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಮಡಿಕೇರಿಯ ಅನುಭವವನ್ನು ಮುಂದಿಟ್ಟುಕೊಂಡು ವಿವರಿಸುವುದೇ ಈ ಲೇಖನದ ಉದ್ದೇಶ.

ಬೆಟ್ಟದ ಊರು, ಇಕ್ಕಟ್ಟಿನ ಬೀದಿ

ಮಡಿಕೇರಿಯನ್ನು 1681ರಲ್ಲಿ ಕಟ್ಟಿಸಿದವನು ಹಾಲೇರಿ ವಂಶದ ಮುದ್ದುರಾಜ. ಆ ಅರಸರು ವೀರಶೈವ ಮತಸ್ಥರು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಈಸ್ಟ್ ಇಂಡಿಯಾ ಕಂಪನಿಯು ಕೊಡಗನ್ನು ವಶಪಡಿಸಿಕೊಂಡಿತು. ಮೂರೇ ವರ್ಷಗಳಲ್ಲಿ, 1837ರಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಅಮರ ಸುಳ್ಯದ ರೈತರು ಬಂಡೆದ್ದು ಮಂಗಳೂರಿನವರೆಗೆ ನಡೆದು ಹೋದರು. ಬಂಡಾಯ ಅಡಗಿದ ಮೇಲೆ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಅದು ಸಶಸ್ತ್ರ ಬಂಡಾಯವೇ ಹೊರತು ಶಾಂತಿಯುತ ಸಭೆಯಲ್ಲ. ಆದರೆ ಅಂದಿನ ರೈತನಿಗೆ ತನ್ನ ಅಹವಾಲನ್ನು ಬೀದಿಯಲ್ಲಿ ನಿಂತು ಹೇಳುವ ಹಕ್ಕು ಯಾವ ಕಾನೂನಿನಲ್ಲಿಯೂ ಇರಲಿಲ್ಲವೆಂಬುದನ್ನು ಮರೆಯಲಾಗದು. ಮಾತಿಗೆ ಜಾಗವಿಲ್ಲದ ಕಡೆ ಕತ್ತಿಗೆ ಜಾಗವಾಗುತ್ತದೆ. ಶಾಂತಿಯುತ ಸಭೆಯ ಹಕ್ಕು ಆಳುವವರಿಗೂ ಹಿತಕರವೆನ್ನುವುದು ಇದರಿಂದಲೇ.

ಮಡಿಕೇರಿಯ ಭೂಸ್ವರೂಪವನ್ನು ಬಲ್ಲವರಿಗೆ ಇನ್ನೊಂದು ಸಂಗತಿ ತಿಳಿದಿದೆ. ಬೆಟ್ಟದ ಏರಿಳಿತದ ಮೇಲೆ ಹಬ್ಬಿದ ಈ ಊರಿನಲ್ಲಿ ಬೀದಿಗಳು ಕಿರಿದು, ತಿರುವುಗಳು ಹೆಚ್ಚು. ರಸ್ತೆಯ ಒಂದು ಪಕ್ಕಕ್ಕೆ ದಿಬ್ಬ, ಇನ್ನೊಂದು ಪಕ್ಕಕ್ಕೆ ಇಳಿಜಾರು. ಬಯಲುಸೀಮೆಯ ಊರಿನಲ್ಲಿ ಗದ್ದಲವೆದ್ದರೆ ಜನ ನಾಲ್ಕೂ ಕಡೆಗೆ ಚದುರಬಹುದು. ಇಲ್ಲಿ ಮುಂದೆ ಹೋಗಬೇಕು, ಇಲ್ಲವೆ ಹಿಂದೆ ಬರಬೇಕು. ಎದುರುಬದುರಾದ ಎರಡು ಗುಂಪುಗಳಿಗೆ ಇಂಥ ಬೀದಿಯು ಬಹುಬೇಗ ಬೋನಾಗಿ ಪರಿಣಮಿಸುತ್ತದೆ.

2015ರ ನವೆಂಬರ್ 10

2015ರಲ್ಲಿ ಕರ್ನಾಟಕ ಸರಕಾರವು ಟಿಪ್ಪು ಸುಲ್ತಾನನ ಜಯಂತಿಯನ್ನು ಮೊದಲ ಬಾರಿಗೆ ಸರಕಾರಿ ಸಮಾರಂಭವಾಗಿ ಆಚರಿಸಲು ನಿರ್ಧರಿಸಿತು. ಆಂಗ್ಲರೊಡನೆ ಹೋರಾಡಿ 1799ರಲ್ಲಿ ಮಡಿದ ಅರಸನೆಂದು ಅವನನ್ನು ಗೌರವಿಸುವವರು ಒಂದು ಕಡೆ; ಕೊಡಗಿನ ಮೇಲೆ ಅವನು ನಡೆಸಿದ ದಂಡಯಾತ್ರೆಗಳ ನೋವನ್ನು ಮನೆತನದ ನೆನಪಾಗಿ ಉಳಿಸಿಕೊಂಡವರು ಮತ್ತೊಂದು ಕಡೆ. ಇತಿಹಾಸದ ಆ ವಾದವನ್ನು ನಿರ್ಣಯಿಸುವುದು ಇಲ್ಲಿಯ ವಿಷಯವಲ್ಲ. ತನ್ನ ಅಭಿಪ್ರಾಯವನ್ನು ಶಾಂತಿಯಿಂದ ಪ್ರಕಟಿಸುವ ಹಕ್ಕು ಎರಡು ಪಕ್ಷಗಳಿಗೂ ಸಮಾನವಾಗಿತ್ತೆಂಬುದು ಮಾತ್ರ ಇಲ್ಲಿ ಮುಖ್ಯ.

ನವೆಂಬರ್ 10ರಂದು ಆಚರಣೆಯ ಪರವಾಗಿ ಬಂದವರೂ ವಿರೋಧವಾಗಿ ಬಂದವರೂ ಮಡಿಕೇರಿಯ ಬೀದಿಗಳಲ್ಲಿ ಎದುರಾದರು. ಘೋಷಣೆಗಳಿಂದ ಆರಂಭವಾದದ್ದು ಕಲ್ಲುತೂರಾಟಕ್ಕೆ ತಿರುಗಿತು; ಪೊಲೀಸರು ಲಾಠಿ ಬೀಸಿದರು. ಆ ಗಲಭೆಯ ಫಲವಾಗಿ ಜೀವಹಾನಿಯಾಯಿತು. ಸಾವಿನ ದುಃಖ ಎರಡೂ ಸಮುದಾಯಗಳ ಮನೆಗಳನ್ನು ಹೊಕ್ಕಿತು. ತಲೆಮಾರುಗಳಿಂದ ಒಂದೇ ಸಂತೆಯಲ್ಲಿ ಕೊಂಡು ಮಾರಿ, ಒಬ್ಬರ ಮದುವೆಗೆ ಇನ್ನೊಬ್ಬರು ಹೋಗಿ ಬಂದವರ ನಡುವೆ ಅಪನಂಬಿಕೆಯ ಗೋಡೆ ಎದ್ದಿತು.

ಮರುವರ್ಷ ಅದೇ ದಿನ ಬಂದಾಗ ಜಿಲ್ಲೆಯಲ್ಲಿ ನಿಷೇಧಾಜ್ಞೆ ಜಾರಿಯಾಯಿತು. ಹೊರಗಿನಿಂದ ಪೊಲೀಸ್ ಪಡೆಗಳು ಬಂದವು. ಸಮಾರಂಭವು ಬಿಗಿ ಕಾವಲಿನಲ್ಲಿ ನಡೆಯಿತು. 2019ರ ಜುಲೈಯಲ್ಲಿ ಸರಕಾರವು ಈ ಆಚರಣೆಯನ್ನೇ ಕೈಬಿಟ್ಟಿತು. ರಕ್ತ ಹರಿಯದಂತೆ ತಡೆಯುವುದು ಜಿಲ್ಲಾಡಳಿತದ ಮೊದಲ ಕರ್ತವ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಪ್ರತಿ ಭಿನ್ನಾಭಿಪ್ರಾಯಕ್ಕೂ ನಿಷೇಧವೊಂದೇ ಮದ್ದೆಂಬ ಭಾವನೆ ಬೇರೂರಿದರೆ ಹಕ್ಕಿಗೆ ಏನು ಉಳಿಯುತ್ತದೆ? ಕಾನೂನು ಈ ಪ್ರಶ್ನೆಗೆ ಸಾಕಷ್ಟು ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ.

ಸಂವಿಧಾನದ ಮಾತು

ಸಂವಿಧಾನದ 19ನೆಯ ಅನುಚ್ಛೇದದ ಮೊದಲ ಖಂಡವು ಎಲ್ಲ ನಾಗರಿಕರಿಗೆ ವಾಕ್ ಸ್ವಾತಂತ್ರ್ಯವನ್ನೂ, ಶಾಂತಿಯುತವಾಗಿ ಹಾಗೂ ನಿರಾಯುಧರಾಗಿ ಸಭೆ ಸೇರುವ ಸ್ವಾತಂತ್ರ್ಯವನ್ನೂ ನೀಡಿದೆ. ‘ಶಾಂತಿಯುತ’ ಮತ್ತು ‘ನಿರಾಯುಧ’ ಎಂಬ ಎರಡು ಷರತ್ತುಗಳು ಹಕ್ಕಿನ ಒಳಗೇ ಇವೆ. ಕಲ್ಲೆತ್ತಿದ ಕೈಗೆ ಈ ಹಕ್ಕಿನ ಆಶ್ರಯವಿಲ್ಲ. ಅದೇ ಅನುಚ್ಛೇದದ ಮೂರನೆಯ ಖಂಡವು ದೇಶದ ಸಾರ್ವಭೌಮತ್ವ ಮತ್ತು ಅಖಂಡತೆ, ಸಾರ್ವಜನಿಕ ಸುವ್ಯವಸ್ಥೆ ಇವುಗಳ ಸಲುವಾಗಿ ನಿರ್ಬಂಧ ವಿಧಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ಅಲ್ಲಿಯೂ ಒಂದು ಷರತ್ತಿದೆ: ಆ ನಿರ್ಬಂಧ ‘ಯುಕ್ತ’ವಾಗಿರಬೇಕು. ಹೀಗೆ ಜನರಿಗೊಂದು ಕಡಿವಾಣ, ಸರಕಾರಕ್ಕೊಂದು ಕಡಿವಾಣ.

ಬೀದಿಯು ಸಭೆಗೆ ಸಲ್ಲುವ ಸ್ಥಳವೇ ಎಂಬ ಪ್ರಶ್ನೆ 1972ರಲ್ಲಿ ಅಹಮದಾಬಾದಿನ ಹಿಮ್ಮತ್‌ಲಾಲ್ ಷಾ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಸಾರ್ವಜನಿಕ ಬೀದಿಗಳಲ್ಲಿ ನಡೆಯುವ ಸಭೆಯನ್ನು ಕ್ರಮಬದ್ಧಗೊಳಿಸಲು ರಾಜ್ಯಕ್ಕೆ ಅಧಿಕಾರವುಂಟು, ಆದರೆ ಎಲ್ಲ ಬೀದಿಗಳಲ್ಲಿ ಎಲ್ಲ ಸಭೆಗಳನ್ನೂ ಮುಚ್ಚಿಹಾಕುವ ಅಧಿಕಾರವಿಲ್ಲ ಎಂದು ನ್ಯಾಯಾಲಯ ಹೇಳಿತು. ಇದರ ಇನ್ನೊಂದು ಮುಖವನ್ನು 2020ರ ಅಕ್ಟೋಬರಿನಲ್ಲಿ, ದೆಹಲಿಯ ಶಾಹೀನ್‌ಬಾಗ್ ಧರಣಿಯ ವಿಷಯದಲ್ಲಿ, ಅದೇ ನ್ಯಾಯಾಲಯ ತೋರಿಸಿತು. ಸಾರ್ವಜನಿಕ ದಾರಿಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸಿಕೊಂಡು ಕೂರುವುದು ಹಕ್ಕಾಗಲಾರದು. ದಾರಿಯು ಘೋಷಣೆ ಕೂಗುವವನಿಗೆ ಸೇರಿದಂತೆಯೇ ಆಸ್ಪತ್ರೆಗೆ ಹೊರಟ ರೋಗಿಗೂ ಸೇರಿದ್ದು.

ನಿಷೇಧಾಜ್ಞೆಯ ಎಲ್ಲೆ

‘ನೂರ ನಲವತ್ತನಾಲ್ಕು’ ಎಂದರೆ ಕನ್ನಡ ನಾಡಿನಲ್ಲಿ ಅರ್ಥವಾಗದವರಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಆ ಪ್ರಕರಣವು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಪ್ರಕರಣವಾಗಿದೆ. ಸಂಖ್ಯೆ ಬದಲಾಗಿದೆ, ತಿರುಳು ಬದಲಾಗಿಲ್ಲ. ದೊಂಬಿ ಅಥವಾ ಜೀವಕ್ಕೆ ಅಪಾಯವಾಗುವ ತುರ್ತು ಸಂದರ್ಭದಲ್ಲಿ ದಂಡಾಧಿಕಾರಿಯು ಕಾರಣಗಳನ್ನು ಬರೆದು ಆಜ್ಞೆ ಹೊರಡಿಸಬಹುದು. ಸಾಮಾನ್ಯವಾಗಿ ಅದು ಎರಡು ತಿಂಗಳಿಗಿಂತ ಹೆಚ್ಚು ಕಾಲ ಜಾರಿಯಲ್ಲಿರುವಂತಿಲ್ಲ. 2020ರ ಜನವರಿಯಲ್ಲಿ ಅನುರಾಧಾ ಭಸೀನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ನ್ಯಾಯಸಮ್ಮತವಾದ ಅಭಿಪ್ರಾಯ ಪ್ರಕಟಣೆಯನ್ನು ಅಡಗಿಸಲು ಈ ಅಧಿಕಾರವನ್ನು ಬಳಸಕೂಡದೆಂದು ಸ್ಪಷ್ಟಪಡಿಸಿತು. ಮರುತಿಂಗಳೇ ಕರ್ನಾಟಕದ ಉಚ್ಚ ನ್ಯಾಯಾಲಯವು, 2019ರ ಡಿಸೆಂಬರಿನಲ್ಲಿ ಬೆಂಗಳೂರು ನಗರದಲ್ಲಿ ಹೊರಡಿಸಿದ್ದ ನಿಷೇಧಾಜ್ಞೆಯು ಕಾನೂನಿನ ಪರೀಕ್ಷೆಯಲ್ಲಿ ನಿಲ್ಲದೆಂದು ತೀರ್ಪಿತ್ತಿತು. ಅಧಿಕಾರಿಯು ತನ್ನ ಮನಸ್ಸನ್ನು ವಿಷಯಕ್ಕೆ ಹಚ್ಚಿ, ಕಾರಣ ಬರೆದು ಆಜ್ಞೆ ನೀಡಬೇಕು. ಕೇವಲ ಶಂಕೆಯ ಮೇಲೆ ಊರಿನ ಬಾಯಿ ಮುಚ್ಚಿಸಲಾಗದು ಎಂಬುದೇ ಇವುಗಳ ಸಾರ.

ನಿಷೇಧವು ವಿವೇಕಹೀನವಾದಾಗ ಏನಾಗುತ್ತದೆಂಬುದಕ್ಕೆ ಹಳೆಯ ಮೈಸೂರು ಸಂಸ್ಥಾನದ ನಿದರ್ಶನವೊಂದಿದೆ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ತ್ರಿವರ್ಣ ಧ್ವಜವನ್ನು ಗೌರವಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ದಿವಾನ್ ಮಿರ್ಜಾ ಇಸ್ಮಾಯಿಲರ ಸರಕಾರವು ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಆ ಬಳಿಕ ಸರ್ದಾರ್ ಪಟೇಲರೊಡನೆ ಆದ ಒಪ್ಪಂದದಂತೆ ಸಂಸ್ಥಾನದ ಧ್ವಜದ ಜತೆಗೆ ಕಾಂಗ್ರೆಸ್ಸಿನ ಧ್ವಜವನ್ನೂ ಏರಿಸಲು ಅನುಮತಿ ದೊರೆಯಿತು. ಸಾವುಗಳ ಅನಂತರ ಕೊಟ್ಟ ಅನುಮತಿಯನ್ನು ಮೊದಲೇ ಕೊಟ್ಟಿದ್ದರೆ ಅಷ್ಟು ಮನೆಗಳ ದೀಪ ಆರುತ್ತಿರಲಿಲ್ಲ.

ಪೊಲೀಸರ ಕರ್ತವ್ಯದ ಮೆಟ್ಟಿಲುಗಳು

ಐದು ಅಥವಾ ಅದಕ್ಕಿಂತ ಹೆಚ್ಚು ಜನರು ಬಲಪ್ರಯೋಗವೇ ಮೊದಲಾದ ಅಕ್ರಮ ಉದ್ದೇಶದಿಂದ ಕೂಡಿದರೆ ಅದು ಕಾನೂನುಬಾಹಿರ ಕೂಟ. ಕೂಡುವಾಗ ಶಾಂತವಾಗಿದ್ದ ಸಭೆಯೂ ಅನಂತರ ಕಾನೂನುಬಾಹಿರವಾಗಬಹುದೆಂದು ಕಾನೂನು ಎಚ್ಚರಿಸಿದೆ. ಮಡಿಕೇರಿಯಂಥ ಊರಿನಲ್ಲಿ ಆ ಬದಲಾವಣೆಗೆ ಐದು ನಿಮಿಷವೂ ಬೇಡ.

ಆಗಲೂ ಪೊಲೀಸರು ಏರಬೇಕಾದ ಮೆಟ್ಟಿಲುಗಳಿವೆ. ಮೊದಲು ಕಾರ್ಯನಿರ್ವಾಹಕ ದಂಡಾಧಿಕಾರಿ ಅಥವಾ ಠಾಣಾಧಿಕಾರಿಯು ಜನರಿಗೆ ಚದುರಿಹೋಗುವಂತೆ ಆಜ್ಞಾಪಿಸಬೇಕು. ಆ ಆಜ್ಞೆ ಜನರ ಕಿವಿಗೆ ಬೀಳಬೇಕು, ಅವರ ಭಾಷೆಯಲ್ಲಿರಬೇಕು, ಚದುರಲು ಕಾಲವೂ ದಾರಿಯೂ ಇರಬೇಕು. ಎರಡೂ ತುದಿ ಮುಚ್ಚಿದ ಬೀದಿಯಲ್ಲಿ ‘ಚದುರಿರಿ’ ಎನ್ನುವುದು ಬರಿಯ ಮಾತಾದೀತು. ಅನಂತರವೂ ಜನ ಕದಲದಿದ್ದರೆ ಬಲಪ್ರಯೋಗ. ಅದೂ ಅಗತ್ಯಕ್ಕೆ ತಕ್ಕಷ್ಟು. ಗುಂಡು ಕಟ್ಟಕಡೆಯ ಉಪಾಯ. 1990ರಲ್ಲಿ ಹವಾನಾದಲ್ಲಿ ಅಂಗೀಕೃತವಾದ ವಿಶ್ವಸಂಸ್ಥೆಯ ಮೂಲತತ್ವಗಳೂ, ಪ್ರಾಣರಕ್ಷಣೆಗೆ ಅನಿವಾರ್ಯವಾದ ಹೊರತು ಪ್ರಾಣಘಾತಕ ಆಯುಧವನ್ನು ಬಳಸಬಾರದೆನ್ನುತ್ತವೆ. 2011ರ ಜೂನ್ ತಿಂಗಳ ಒಂದು ರಾತ್ರಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಜನರನ್ನು ಪೊಲೀಸರು ಬಲದಿಂದ ಹೊರಗಟ್ಟಿದಾಗ, ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಪೊಲೀಸರನ್ನು ಆಕ್ಷೇಪಿಸಿದ್ದಲ್ಲದೆ, ಸಂಘಟಕರ ಹೊಣೆಯನ್ನೂ ಎತ್ತಿ ತೋರಿಸಿತು.

ಎದುರುಬದುರಾದ ಎರಡು ಸಭೆಗಳ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಒಬ್ಬರ ಸಭೆಯನ್ನು ಇನ್ನೊಬ್ಬರು ಕೆಡಿಸುವರೆಂಬ ಭಯವಿದ್ದಾಗ, ಶಾಂತಿಯಿಂದ ಕೂಡಲು ಬಯಸುವವನಿಗೆ ರಕ್ಷಣೆ ಕೊಡುವುದೇ ಆಡಳಿತದ ಪ್ರಥಮ ಧರ್ಮ. ಇಬ್ಬರಿಗೂ ಬೇರೆ ಬೇರೆ ಸ್ಥಳ, ಬೇರೆ ಬೇರೆ ವೇಳೆ, ಬೇರೆ ಬೇರೆ ಮಾರ್ಗ ಗೊತ್ತುಪಡಿಸುವುದು. ಮುಖಂಡರನ್ನು ಮುನ್ನಾದಿನವೇ ಕರೆಸಿ ಮಾತನಾಡುವುದು. ಸುಳ್ಳು ಸುದ್ದಿಗೆ ಕೂಡಲೇ ಉತ್ತರ ಕೊಡುವುದು, ಇವು ನಿಷೇಧಕ್ಕಿಂತ ಹೆಚ್ಚು ಶ್ರಮದ ಕೆಲಸಗಳು. ಆದರೆ ಹಕ್ಕನ್ನೂ ಪ್ರಾಣವನ್ನೂ ಒಟ್ಟಿಗೆ ಉಳಿಸುವ ದಾರಿ ಇದೇ.

ದಿಡ್ಡಳ್ಳಿಯ ದನಿ

ಅದೇ ಕೊಡಗು ಒಂದೇ ವರ್ಷದ ಅಂತರದಲ್ಲಿ ಬೇರೊಂದು ಬಗೆಯ ಪ್ರತಿಭಟನೆಯನ್ನೂ ಕಂಡಿತು. 2016ರ ಡಿಸೆಂಬರಿನಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆಯು ಆದಿವಾಸಿಗಳ ಗುಡಿಸಲುಗಳನ್ನು ಕೆಡವಿತು. ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ಜೀವ ಸವೆಸಿ, ತಮ್ಮದೆನ್ನುವ ಒಂದು ಸೂರಿಗಾಗಿ ಅಲ್ಲಿ ನೆಲೆ ನಿಂತಿದ್ದ ಜನ ಅವರು. ಅವರು ಕಲ್ಲೆತ್ತಲಿಲ್ಲ, ಕೊಡಗಿನ ಚಳಿಯಲ್ಲಿ ಅದೇ ನೆಲದ ಮೇಲೆ ಮಕ್ಕಳೊಡನೆ ಕುಳಿತರು. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರು ಇಳಿವಯಸ್ಸಿನಲ್ಲಿಯೂ ಅವರ ಬೆಂಬಲಕ್ಕೆ ನಿಂತರು. ಅವರ ಅಳಲು ಮಡಿಕೇರಿಗೂ ಬೆಂಗಳೂರಿಗೂ ಮುಟ್ಟಿತು. ಕೊನೆಗೆ ಸರಕಾರವು ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ನಿವೇಶನಗಳನ್ನು ನೀಡಿತು. ದಿಡ್ಡಳ್ಳಿಯಲ್ಲಿಯೇ ನೆಲ ಬೇಕೆಂದವರಿಗೆ ಅದು ಪೂರ್ಣ ತೃಪ್ತಿ ತರಲಿಲ್ಲ. ಆದರೂ ಹಣವಿಲ್ಲದ, ಪದವಿಯಿಲ್ಲದ ಜನರ ಮಾತನ್ನು ಸರಕಾರ ಕೇಳುವಂತೆ ಮಾಡಿದ್ದು ಅವರು ಕೂಡಿ ಕುಳಿತ ಬಗೆಯೇ. ಸಭೆಯ ಹಕ್ಕು ಹೆಚ್ಚಾಗಿ ಬೇಕಾಗುವುದು ಇಂಥವರಿಗೆ. ಸಿರಿವಂತನಿಗೆ ಮಂತ್ರಿಯ ಬಾಗಿಲು ತೆರೆದಿರಬಹುದು; ಹಾಡಿಯ ಬಡವನಿಗೆ ಬೀದಿಯೇ ಬಾಗಿಲು.

ಪಾಠಶಾಲೆಯ ಪಾತ್ರ

ಹಕ್ಕನ್ನು ಕಾನೂನು ಕೊಡಬಹುದು. ಅದನ್ನು ಬಳಸುವ ಸಂಸ್ಕಾರವನ್ನು ಕೊಡಬೇಕಾದದ್ದು ಮನೆ ಮತ್ತು ಶಾಲೆ. ತರಗತಿಯ ಚರ್ಚಾಸ್ಪರ್ಧೆಯಲ್ಲಿ ಎದುರು ಪಕ್ಷದ ಮಾತು ಮುಗಿಯುವವರೆಗೆ ಸುಮ್ಮನಿರಲು ಕಲಿತ ಬಾಲಕನು ಮುಂದೆ ಬೀದಿಯಲ್ಲಿಯೂ ಕಲ್ಲೆತ್ತುವ ಮುನ್ನ ಒಮ್ಮೆ ಯೋಚಿಸಿಯಾನು. ಅದೇ ಶಾಲೆಯಿಂದ ಹೊರಟವರಲ್ಲಿ ಒಬ್ಬನು ನಾಳೆ ಮೆರವಣಿಗೆಯ ಮುಂದಾಳಾಗಬಹುದು, ಇನ್ನೊಬ್ಬನು ಲಾಠಿ ಹಿಡಿದ ಪೊಲೀಸನಾಗಬಹುದು, ಮತ್ತೊಬ್ಬಳು ಆಜ್ಞೆಗೆ ಸಹಿ ಹಾಕುವ ಜಿಲ್ಲಾಧಿಕಾರಿಯಾಗಬಹುದು. ಮೂವರೂ ಒಂದೇ ಬೆಂಚಿನ ಮೇಲೆ ಕುಳಿತು 19ನೆಯ ಅನುಚ್ಛೇದವನ್ನು ಓದಿದವರೆಂಬ ನೆನಪು ಆ ಹೊತ್ತಿನಲ್ಲಿ ಉಳಿದರೆ ಅನಾಹುತದ ಅರ್ಧ ಭಾಗ ಅಲ್ಲಿಗೇ ತಪ್ಪುತ್ತದೆ.

ಶರಣರು ಕಲ್ಯಾಣದಲ್ಲಿ ಹಚ್ಚಿದ ದೀಪ ಸಂವಾದದ ದೀಪ. ಅದನ್ನು ಆರಿಸುವ ಗಾಳಿ ಎರಡು ದಿಕ್ಕುಗಳಿಂದ ಬೀಸುತ್ತದೆ: ‘ಶಾಂತಿಯುತ’ ಎಂಬ ಮಾತನ್ನು ಮರೆತ ಗುಂಪಿನಿಂದ, ‘ಯುಕ್ತ’ ಎಂಬ ಮಾತನ್ನು ಮರೆತ ಅಧಿಕಾರದಿಂದ. ಎರಡೂ ಕಡೆಗೆ ಕೈ ಅಡ್ಡ ಹಿಡಿದು ಆ ದೀಪವನ್ನು ಕಾಯುವುದು ವಿದ್ಯಾವಂತರ ಹೊಣೆ. ಮಡಿಕೇರಿಯ ಬೀದಿಗಳು ಕಲಿಸಿದ ಪಾಠವನ್ನು ಕನ್ನಡ ನಾಡಿನ ಬೇರೆ ಯಾವ ಊರೂ ಅಷ್ಟು ಬೆಲೆ ತೆತ್ತು ಕಲಿಯುವಂತಾಗದಿರಲಿ.